ಉಕ್ಕಿನ ಅಂಚು, ಅಯಸ್ಕಾಂತದ ಹಾಳೆ

ಕೈಯಲ್ಲಿ ಮಾಡಿದ ಒಳ್ಳೆಯ ಗ್ರೀಟಿಂಗ್ ಕಾರ್ಡೊಂದರ ಮೇಲೆ ಅಂಟಿಸಿದ ಕಾಗದದ ಎಲೆಯನ್ನು ಹತ್ತಿರದಿಂದ ನೋಡಿ. ಎಲೆಯ ನರಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ, ಅಂಚಿನಲ್ಲಿ ಎಲ್ಲಿಯೂ ಎಳೆ ಎದ್ದಿರುವುದಿಲ್ಲ. ಕತ್ತರಿ ಹಿಡಿದ ಕೈ ಎಷ್ಟೇ ಪಳಗಿದ್ದರೂ ಇಂಥ ಇಪ್ಪತ್ತು ಎಲೆಗಳನ್ನು ಒಂದೇ ಅಚ್ಚಿನಲ್ಲಿ ತೆಗೆಯುವುದು ಕಷ್ಟ. ಆ ಕೆಲಸವನ್ನು ಸಲೀಸು ಮಾಡುವುದು ಡೈ ಎಂಬ ಉಕ್ಕಿನ ತೆಳು ಚೌಕಟ್ಟು. ಕಾಗದದ ಕಲೆಗೆ ಕೈಹಾಕಿದವರ ಮನೆಯಲ್ಲಿ ನಾಲ್ಕೈದು ಡೈಗಳಿಂದ ಶುರುವಾದ ಸಂಗ್ರಹ ನೋಡನೋಡುತ್ತಲೇ ನೂರು ದಾಟುತ್ತದೆ. ಆಗ ಇವನ್ನೆಲ್ಲ ಎಲ್ಲಿ, ಹೇಗೆ ಇಡುವುದು ಎಂಬ ಪ್ರಶ್ನೆ ಎದ್ದೇಳುತ್ತದೆ.

ಮೇಲುನೋಟಕ್ಕೆ ಇದು ಮೇಜನ್ನು ಒಪ್ಪವಾಗಿಡುವ ಪ್ರಶ್ನೆ. ಆದರೆ ಡೈಯನ್ನು ಇಡುವ ರೀತಿಯನ್ನು ನಿರ್ಧರಿಸುವುದು ಅದನ್ನು ಮಾಡಿದ ರೀತಿಯೇ. ಅದರ ಅಂಚು ಹುಟ್ಟಿದ್ದು ಹೇಗೆ, ಉಕ್ಕು ಯಾವ ಜಾತಿಯದು, ಅಯಸ್ಕಾಂತ ಅದನ್ನು ಹಿಡಿಯುವುದು ಹೇಗೆ ಎಂದು ತಿಳಿದರೆ ಯಾವ ಪೆಟ್ಟಿಗೆ, ಯಾವ ಹಾಳೆ, ಯಾವ ಕವರ್ ಎಂಬುದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಕೊರೆದು ಮಾಡಿದ ಅಂಚು

ಕಾಗದ ಕತ್ತರಿಸುವ ಡೈಗಳಲ್ಲಿ ಎರಡು ಬಗೆ. ಬೆಂಗಳೂರಿನ ಸುಲ್ತಾನ್‌ಪೇಟೆ, ಚಿಕ್ಕಪೇಟೆಗಳಲ್ಲಿ ಮಾರುವ ಮದುವೆಯ ಕರೆಯೋಲೆಗಳಿಗೂ ಅಂಗಡಿಯ ರಟ್ಟಿನ ಡಬ್ಬಿಗಳಿಗೂ ಆಕಾರ ಕೊಡುವುದು ಮೊದಲನೆಯ ಬಗೆ. ಇದರಲ್ಲಿ ಹರಿತವಾದ ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಪ್ಲೈವುಡ್ ಹಲಗೆಯಲ್ಲಿ ನಾಟಿರುತ್ತಾರೆ. ರಟ್ಟಿನ ಡಬ್ಬಿಯ ಚರಿತ್ರೆಯಲ್ಲಿ ಈ ಪಟ್ಟಿಗೆ ದೊಡ್ಡ ಪಾತ್ರವಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲ ತಯಾರಿಸುತ್ತಿದ್ದ ರಾಬರ್ಟ್ ಗೇರ್ ಅವರ ಕಾರ್ಖಾನೆಯಲ್ಲಿ 1879ರಲ್ಲಿ ಮಡಿಕೆಯ ಗೆರೆ ಮೂಡಿಸಬೇಕಿದ್ದ ಲೋಹದ ಪಟ್ಟಿಯೊಂದು ತುಸು ಎತ್ತರ ಕೂತು ಚೀಲಗಳನ್ನು ಕತ್ತರಿಸಿಬಿಟ್ಟಿತು. ಕತ್ತರಿಸುವುದನ್ನೂ ಮಡಿಕೆ ಮೂಡಿಸುವುದನ್ನೂ ಒಂದೇ ಏಟಿಗೆ ಮಾಡಬಹುದೆಂದು ಗೇರ್ ಆಗ ಕಂಡುಕೊಂಡರು. ಮಡಚುವ ರಟ್ಟಿನ ಡಬ್ಬಿ ಲಕ್ಷಗಟ್ಟಲೆ ತಯಾರಾಗಲು ದಾರಿ ತೆರೆದದ್ದು ಹೀಗೆ.

ಮನೆಯ ಮೇಜಿನ ಮೇಲೆ ಕಾಣುವುದು ಎರಡನೆಯ ಬಗೆ. ಇದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಇದನ್ನು ಬಗ್ಗಿಸಿ ಮಾಡುವುದಿಲ್ಲ, ರಾಸಾಯನಿಕದಿಂದ ಕೊರೆದು ಮಾಡುತ್ತಾರೆ. ಉಕ್ಕಿನ ತಗಡಿಗೆ ಬೆಳಕಿಗೆ ಸ್ಪಂದಿಸುವ ಲೇಪ ಬಳಿದು, ವಿನ್ಯಾಸದ ಫಿಲ್ಮ್ ಇಟ್ಟು ಬೆಳಕು ಹಾಯಿಸಿದರೆ ಉಳಿಯಬೇಕಾದ ಕಡೆ ಮಾತ್ರ ಲೇಪ ಗಟ್ಟಿಯಾಗಿ ನಿಲ್ಲುತ್ತದೆ. ಮಿಕ್ಕ ಜಾಗದ ಉಕ್ಕನ್ನು ಫೆರಿಕ್ ಕ್ಲೋರೈಡ್‌ನಂಥ ದ್ರಾವಣ ಕರಗಿಸುತ್ತದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳು ಹುಟ್ಟುವುದೂ ಇದೇ ವಿಧಾನದಲ್ಲಿ. ದ್ರಾವಣ ಕೆಳಮುಖವಾಗಿ ಕೊರೆಯುತ್ತಲೇ ಲೇಪದ ಅಡಿಗೂ ಪಕ್ಕದಿಂದ ನುಗ್ಗುತ್ತದೆ. ಹಾಗಾಗಿ ಉಳಿಯುವ ಏಣು ಬುಡದಲ್ಲಿ ದಪ್ಪ, ತುದಿಯಲ್ಲಿ ತೀರ ತೆಳು. ಕಾಗದವನ್ನು ಸೀಳುವುದು ಈ ಏಣು.

ಹೀಗೆ ಒಂದು ಕಡೆ ಸಪಾಟು ಬೆನ್ನು, ಇನ್ನೊಂದು ಕಡೆ ಸೂಕ್ಷ್ಮವಾದ ಏಣು. ಡೈಯನ್ನು ಇಡುವ ವಿಚಾರದಲ್ಲಿ ಮೊದಲು ನೆನಪಿಡಬೇಕಾದದ್ದು ಇದನ್ನೇ.

ಒತ್ತಡದ ಲೆಕ್ಕ

ಡೈಯಿಂದ ಕಾಗದ ಕತ್ತರಿಸುವ ಯಂತ್ರದ ಒಳಗೆ ಎರಡು ರೋಲರ್‌ಗಳಿವೆ, ಅವುಗಳ ನಡುವಿನ ಸಂದಿ ಬದಲಾಗುವುದಿಲ್ಲ. ಕಬ್ಬಿನ ಹಾಲಿನ ಗಾಡಿಯಲ್ಲಿ ಜಲ್ಲೆ ಹೇಗೆ ಉರುಳೆಗಳ ನಡುವೆ ನುಗ್ಗಿ ಹೊರಬರುತ್ತದೋ ಹಾಗೆ ಇಲ್ಲಿ ಒಂದು ಅಡಕು ನುಗ್ಗುತ್ತದೆ: ಕೆಳಗೊಂದು ಗಟ್ಟಿ ಪ್ಲಾಸ್ಟಿಕ್ ಪ್ಲೇಟ್, ಅದರ ಮೇಲೆ ಕಾಗದ, ಕಾಗದದ ಮೇಲೆ ಏಣು ಕೆಳಮುಖವಾದ ಡೈ, ಎಲ್ಲಕ್ಕೂ ಮೇಲೆ ಇನ್ನೊಂದು ಪ್ಲೇಟ್. ಹಿಡಿಕೆ ತಿರುಗಿಸಿದರೆ ಅಡಕು ಆಚೆ ಬದಿಯಿಂದ ಹೊರಬರುತ್ತದೆ, ಅಷ್ಟರಲ್ಲಿ ಕಾಗದ ಕತ್ತರಿಸಿಕೊಂಡಿರುತ್ತದೆ.

ಕೈ ತಿರುವಿನ ಅಷ್ಟು ಚಿಕ್ಕ ಬಲಕ್ಕೆ ಇಷ್ಟು ಕೆಲಸ ಸಾಧ್ಯವಾಗುವುದು ಎರಡು ಕಾರಣಗಳಿಂದ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಏಣಿನ ತುದಿ ಕೂದಲೆಳೆಯಷ್ಟು ಸಪೂರವಾದ್ದರಿಂದ ಬಲವೆಲ್ಲ ಅಲ್ಲೇ ಕೇಂದ್ರೀಕರಿಸುತ್ತದೆ. ಎರಡನೆಯದಾಗಿ, ರೋಲರ್ ಯಾವುದೇ ಕ್ಷಣದಲ್ಲಿ ಒಂದು ಕಿರಿದಾದ ಗೆರೆಯ ಮೇಲಷ್ಟೇ ಒತ್ತುತ್ತದೆ. ಇಡೀ ಡೈ ಏಕಕಾಲಕ್ಕೆ ಕತ್ತರಿಸಬೇಕಿಲ್ಲ. ಚೌಕದ ಡೈಯನ್ನು ತುಸು ಓರೆಯಾಗಿಡಿ ಎಂದು ಅನುಭವಿಗಳು ಹೇಳುವುದಕ್ಕೂ ಕಾರಣ ಇದೇ. ನೇರವಾಗಿಟ್ಟರೆ ಒಂದು ಬದಿಯ ಏಣು ಪೂರ್ತಿ ಒಂದೇ ಸಲ ರೋಲರ್ ಅಡಿಗೆ ಬಂದು ಹಿಡಿಕೆ ಬಿಗಿಯಾಗುತ್ತದೆ. ಓರೆಯಾಗಿದ್ದರೆ ಅಂಚು ತುಣುಕು ತುಣುಕಾಗಿ ಒಳಸರಿಯುತ್ತದೆ.

ಏಣಿನ ತುದಿ ಎಲ್ಲೋ ಒಂದು ಕಡೆ ಮೊಂಡಾದರೆ ಅಲ್ಲಿ ವಿಸ್ತೀರ್ಣ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಕಾಗದ ಅಲ್ಲಿ ಮಾತ್ರ ಅಂಟಿಕೊಂಡು ಉಳಿಯುತ್ತದೆ. ಚೌಕಟ್ಟು ಬಾಗಿದರೂ ಫಲಿತಾಂಶ ಅದೇ. ಡೈಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಸುರಿದಿಟ್ಟರೆ ಆಗುವುದೂ ಇದೇ: ಉಕ್ಕಿಗೆ ಉಕ್ಕು ಉಜ್ಜಿ ಏಣು ಮೊಂಡಾಗುತ್ತದೆ, ಒಂದರ ಕಿಂಡಿಯಲ್ಲಿ ಇನ್ನೊಂದು ಸಿಕ್ಕಿಕೊಂಡು, ಬಿಡಿಸುವ ಅವಸರದಲ್ಲಿ ತೆಳುವಾದದ್ದು ಬಾಗುತ್ತದೆ. ಒಂದು ಡೈ ಇನ್ನೊಂದನ್ನು ಮುಟ್ಟದಂತೆ ಹಿಡಿದಿಡುವ ಏನಾದರೊಂದು ಬೇಕು.

ಒಂದೇ ಬದಿಯ ಅಯಸ್ಕಾಂತ

ಆ ಕೆಲಸವನ್ನು ಬಹು ಚೆನ್ನಾಗಿ ಮಾಡುವುದು ಬಾಗುವ ಮ್ಯಾಗ್ನೆಟ್ ಶೀಟ್. ಸ್ಟ್ರಾನ್ಷಿಯಂ ಅಥವಾ ಬೇರಿಯಂ ಫೆರೈಟ್ ಎಂಬ ಪುಡಿಯನ್ನು ರಬ್ಬರಿನಂಥ ಪಾಲಿಮರ್‌ನಲ್ಲಿ ಕಲಸಿ ಹಾಳೆಯಾಗಿ ಎಳೆದಿರುತ್ತಾರೆ. ಫ್ರಿಜ್ ಬಾಗಿಲಿಗೆ ಅಂಟುವ ಚಪ್ಪಟೆ ಬಿಲ್ಲೆಗಳೂ ಇದೇ ವಸ್ತುವಿನವು. ಕತ್ತರಿಯಿಂದ ಕತ್ತರಿಸಬಹುದಾದ ಈ ಸಾದಾ ಹಾಳೆಯಲ್ಲಿ ಭೌತವಿಜ್ಞಾನದ ಸೊಗಸಾದ ಉಪಾಯವೊಂದಿದೆ.

ಮಾಮೂಲಿ ದಂಡಕಾಂತಕ್ಕೆ ಒಂದು ತುದಿಯಲ್ಲಿ ಉತ್ತರ ಧ್ರುವ, ಇನ್ನೊಂದರಲ್ಲಿ ದಕ್ಷಿಣ. ಮ್ಯಾಗ್ನೆಟ್ ಶೀಟಿನಲ್ಲಿ ಧ್ರುವಗಳು ಪಟ್ಟೆಪಟ್ಟೆಯಾಗಿ ಸಾಲುಗೂಡಿವೆ: ಕೆಲವೇ ಮಿಲಿಮೀಟರ್ ಅಗಲದ ಉತ್ತರದ ಪಟ್ಟೆ, ಪಕ್ಕದಲ್ಲಿ ದಕ್ಷಿಣದ್ದು, ಮತ್ತೆ ಉತ್ತರ. ಇಂಥ ಎರಡು ಹಾಳೆಗಳ ಕಾಂತಮುಖಗಳನ್ನು ಎದುರುಬದುರಿಟ್ಟು ಸರಿಸಿ ನೋಡಿ. ಒಂದು ದಿಕ್ಕಿನಲ್ಲಿ ಟಕಟಕ ಎಂದು ತಡೆದು ತಡೆದು ಜಾರುತ್ತವೆ, ಅಡ್ಡ ದಿಕ್ಕಿನಲ್ಲಿ ನುಣ್ಣಗೆ ಸರಿಯುತ್ತವೆ. ಕಣ್ಣಿಗೆ ಕಾಣದ ಪಟ್ಟೆಗಳು ಹೀಗೆ ಬೆರಳಿಗೆ ತಿಳಿಯುತ್ತವೆ.

ಪಟ್ಟೆಯಿಂದ ಪಟ್ಟೆಗೆ ಕಾಂತತೆಯ ದಿಕ್ಕನ್ನು ಕ್ರಮವಾಗಿ ತಿರುಗಿಸುತ್ತ ಹೋದರೆ ಕಾಂತಕ್ಷೇತ್ರವೆಲ್ಲ ಹಾಳೆಯ ಒಂದು ಮುಖದಲ್ಲಿ ಕೂಡಿಕೊಂಡು ಇನ್ನೊಂದು ಮುಖದಲ್ಲಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ಕಾಂತೀಯ ಟೇಪುಗಳ ಮೇಲೆ ಕೆಲಸ ಮಾಡುತ್ತಿದ್ದ ಜಾನ್ ಮ್ಯಾಲಿನ್ಸನ್ 1973ರಲ್ಲಿ ಇದನ್ನು ಗಣಿತದಿಂದ ತೋರಿಸಿಕೊಟ್ಟರು. ಕೆಲವು ವರ್ಷಗಳ ಬಳಿಕ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕ್ಲಾಸ್ ಹಾಲ್‌ಬಾಕ್ ಇದೇ ಜೋಡಣೆಯನ್ನು ಕಣ ವೇಗವರ್ಧಕಗಳಿಗೆ ಬೇಕಾದ ಬಲವಾದ ಕಾಂತಗಳನ್ನು ಕಟ್ಟಲು ಬಳಸಿದರು. ಇಂದು ಅದಕ್ಕೆ ಅವರದೇ ಹೆಸರು. ಇಲೆಕ್ಟ್ರಾನುಗಳ ದಾರಿಯನ್ನು ತಿದ್ದುವ ತತ್ತ್ವವೇ ಕಾಗದದ ಹೂವಿನ ಡೈಯನ್ನೂ ಹಾಳೆಗೆ ಹಿಡಿದಿಡುತ್ತದೆ ಎಂಬುದು ನನಗೆ ನಿಜಕ್ಕೂ ಬೆರಗಿನ ಸಂಗತಿ.

ಡೈ ಜೋಡಿಸಿಡುವವರಿಗೆ ಇದರಿಂದ ಎರಡು ಲಾಭ. ಕಾಂತಶಕ್ತಿ ಒಂದು ಬದಿಗೆ ಸೇರುವುದರಿಂದ ಅರೆ ಮಿಲಿಮೀಟರ್ ದಪ್ಪದ ಹಾಳೆಯೂ ಸಾಕಷ್ಟು ಹಿಡಿತ ಕೊಡುತ್ತದೆ. ಹತ್ತು ಸೆಂಟಿಮೀಟರ್ ಚೌಕದ, ಮೂರು ಮಿಲಿಮೀಟರ್ ಅಗಲದ ಪಟ್ಟಿಯುಳ್ಳ ಡೈ ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಅದನ್ನು ಹಿಡಿದಿಡಲು ಈ ಬಲ ಧಾರಾಳವಾಯಿತು. ಎರಡನೆಯ ಲಾಭ, ಹಾಳೆಗಳನ್ನು ರಟ್ಟಿಗೆ ಅಂಟಿಸಿ ಫೈಲಿನ ಪುಟಗಳಂತೆ ಒಂದರ ಹಿಂದೊಂದು ನಿಲ್ಲಿಸಿದಾಗ ಮುಂದಿನ ಪುಟದ ಬೆನ್ನು ಹಿಂದಿನ ಪುಟದ ಡೈಯನ್ನು ಸೆಳೆದುಕೊಳ್ಳುವುದಿಲ್ಲ. ಪುಟ ತಿರುಗಿಸಿದಾಗ ಡೈಗಳು ಇಟ್ಟಲ್ಲೇ ಇರುತ್ತವೆ.

ಆದರೆ ಈ ಹಿಡಿತ ಬಹಳ ಹತ್ತಿರದ್ದು. ಪಟ್ಟೆಗಳು ಕಿರಿದಾದಷ್ಟೂ ಕ್ಷೇತ್ರ ದೂರಕ್ಕೆ ಬೇಗ ಕ್ಷೀಣಿಸುತ್ತದೆ. ಪಟ್ಟೆ ಎರಡು ಮಿಲಿಮೀಟರ್ ಅಗಲವಿದ್ದರೆ, ಲೆಕ್ಕದ ಪ್ರಕಾರ ಮೇಲ್ಮೈಯಿಂದ ಒಂದೇ ಮಿಲಿಮೀಟರ್ ದೂರದಲ್ಲಿ ಕ್ಷೇತ್ರ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಸೆಳೆತದ ಬಲ ಕ್ಷೇತ್ರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಉಳಿಯುತ್ತದೆ. ಡೈ ಮತ್ತು ಹಾಳೆಯ ನಡುವೆ ದಪ್ಪ ರಟ್ಟು ಸೇರಿಸಿದರೆ ಡೈ ಜಾರಿ ಬೀಳುವುದು ಇದರಿಂದಲೇ. ತೆಳ್ಳನೆಯ ಕಾಗದವಾದರೆ ನಡೆಯುತ್ತದೆ.

ಡೈಯ ಸಪಾಟು ಬೆನ್ನು ಹಾಳೆಗೆ ತಾಗಿರಬೇಕು, ಏಣು ಹೊರಮುಖವಾಗಿರಬೇಕು ಎಂಬ ನಿಯಮಕ್ಕೂ ಆಧಾರ ಇಲ್ಲೇ ಇದೆ. ಏಣನ್ನು ಹಾಳೆಯ ಕಡೆ ತಿರುಗಿಸಿದರೆ ಅದರ ಎತ್ತರದಷ್ಟು ಸಂದಿ ಬಿದ್ದು ಹಿಡಿತ ಸಡಿಲವಾಗುತ್ತದೆ, ಜೊತೆಗೆ ಅಂಚು ಹಾಳೆಯನ್ನು ಗೀರುತ್ತದೆ. ಬೆನ್ನು ಕೂರಿಸಿ, ಪುಟಕ್ಕೊಂದು ಪ್ಲಾಸ್ಟಿಕ್ ಕವರ್ ತೊಡಿಸಿದರೆ ಹಿಡಿತವೂ ಅಂಚೂ ಎರಡೂ ಉಳಿಯುತ್ತವೆ. ತೂಕವನ್ನೂ ಗಮನಿಸಿ: ಅರೆ ಮಿಲಿಮೀಟರ್ ದಪ್ಪದ ಎ4 ಹಾಳೆಯೊಂದು ನೂರು ಗ್ರಾಂ ದಾಟುತ್ತದೆ. ಇಪ್ಪತ್ತು ಪುಟಗಳ ಫೈಲ್ ಎರಡು ಕಿಲೋ ಮೀರುವುದರಿಂದ ಗೋಡೆಯ ಮೇಲಿನ ತೆಳು ಶೆಲ್ಫಿಗಿಂತ ಕೆಳಗಿನ ಡ್ರಾಯರ್ ಒಳ್ಳೆಯ ಜಾಗ. ಹಳೆಯ ಬಗೆಯ ಮ್ಯಾಗ್ನೆಟಿಕ್ ಪಟ್ಟಿಯುಳ್ಳ ಕಾರ್ಡುಗಳನ್ನು ಆ ಡ್ರಾಯರ್‌ನಲ್ಲಿ ಇಡಬೇಡಿ, ಅವುಗಳ ಮಾಹಿತಿ ಅಳಿಸಿಹೋಗಬಹುದು.

ಕೆಲವು ಲೋಹದ ತುಣುಕುಗಳು ಮ್ಯಾಗ್ನೆಟ್ ಶೀಟಿಗೆ ಅಂಟುವುದೇ ಇಲ್ಲ. ಹಿತ್ತಾಳೆಯ ಸ್ಟೆನ್ಸಿಲ್ ಅಂಟದಿರುವುದು ಸಹಜ, ಅದರಲ್ಲಿ ಕಬ್ಬಿಣವಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಂಟದಿದ್ದರೆ ಕಾರಣ ಹರಳಿನ ರಚನೆಯಲ್ಲಿದೆ. 304 ಎಂಬ ಹೆಸರಾಂತ ಮಿಶ್ರಲೋಹದಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ನಿಕ್ಕಲ್ ಕಬ್ಬಿಣದ ಪರಮಾಣುಗಳನ್ನು ಕಾಂತಗುಣವಿಲ್ಲದ ಜೋಡಣೆಯಲ್ಲಿ ನಿಲ್ಲಿಸುತ್ತದೆ. ಅಡುಗೆಮನೆಯ ಎಷ್ಟೋ ಸ್ಟೀಲ್ ಪಾತ್ರೆಗಳಿಗೆ ಅಯಸ್ಕಾಂತ ಹಿಡಿಯದಿರುವುದಕ್ಕೂ ಇದೇ ಕಾರಣ. ಅಂಟದವನ್ನು ಮೊದಲೇ ಬೇರೆ ಮಾಡಿ ಬಿಡಿಬಿಡಿ ಕವರ್‌ಗಳಲ್ಲಿ ಇಡಬೇಕು.

ತೇವ ಮತ್ತು ತುಕ್ಕು

ಅಯಸ್ಕಾಂತಕ್ಕೆ ಅಂಟುವ ಸಾದಾ ಉಕ್ಕಿಗೆ ತುಕ್ಕಿನ ಭಯವುಂಟು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದ ಮೇಲೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯೂ ಮಲೆನಾಡೂ ದಿನಗಟ್ಟಲೆ ಆ ಮಟ್ಟದಿಂದ ಕೆಳಗಿಳಿಯುವುದಿಲ್ಲ. ಬೆವರಿನ ಉಪ್ಪು ಬೆರಳಚ್ಚಿನಲ್ಲಿ ಉಳಿದರೆ ಅದು ತೇವವನ್ನು ಹೀರಿಕೊಂಡು ಅಲ್ಲೇ ತುಕ್ಕಿಗೆ ದಾರಿ ಮಾಡುತ್ತದೆ. ಏಣಿನ ತುದಿ ತೀರ ತೆಳುವಾದ್ದರಿಂದ ತುಕ್ಕಿನ ಮೊದಲ ತುತ್ತು ಅದೇ.

ಎಣ್ಣೆ ಸವರುವ ಹಾಗಿಲ್ಲ, ಮುಂದಿನ ಸಲ ಕತ್ತರಿಸುವ ಕಾಗದಕ್ಕೆ ಕಲೆಯಾಗುತ್ತದೆ. ಕೆಲಸ ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದೇ ಸರಿಯಾದ ಕ್ರಮ. ಸಿಲಿಕಾ ಜೆಲ್ಲಿನ ಹರಳುಗಳೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿವೆ. ತೀರ ತೇವದ ಗಾಳಿಯಲ್ಲಿ ಅದು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರನ್ನು ಹಿಡಿದುಕೊಳ್ಳಬಲ್ಲದು. ಬಣ್ಣ ಬದಲಿಸುವ ಬಗೆಯ ಹರಳು ತಂದರೆ ಅದು ತುಂಬಿತೆಂಬುದು ಕಣ್ಣಿಗೇ ಗೊತ್ತಾಗುತ್ತದೆ. ಬಿಸಿ ಮಾಡಿ ನೀರು ಹೊರಡಿಸಿ ಮತ್ತೆ ಬಳಸಬಹುದು.

ಕವರ್ ಆಯ್ಕೆಯಲ್ಲಿಯೂ ರಸಾಯನ ವಿಜ್ಞಾನವಿದೆ. ಮೆತ್ತಗಿನ ಪಿವಿಸಿ ಹಳತಾದಂತೆ ಅದರೊಳಗಿನ ಮೆದುಕಾರಕ ಹೊರಗೆ ಜಿನುಗಿ ಜಿಗುಟಾಗುತ್ತದೆ. ಪಿವಿಸಿ ಕ್ಷಯಿಸುವಾಗ ಹೈಡ್ರೋಜನ್ ಕ್ಲೋರೈಡ್ ಹೊರಬಿಡುತ್ತದೆ, ತೇವ ಸೇರಿದರೆ ಅದು ಆಮ್ಲ. ನಾಣ್ಯ ಸಂಗ್ರಾಹಕರು ಪಿವಿಸಿಯಿಂದ ದೂರವಿರುವುದು ಇದಕ್ಕೇ. ಕ್ಲೋರಿನ್ ಇಲ್ಲದ ಪಾಲಿಪ್ರೊಪಿಲೀನ್ ಕವರ್ ಡೈಗಳಿಗೆ ಕ್ಷೇಮ.

ಹುಡುಕಿದರೆ ಸಿಗಬೇಕು

ಕಾಪಾಡಿದ್ದಾಯಿತು. ಆದರೆ ಬೇಕಾದ ಹೊತ್ತಿಗೆ ಸಿಗದ ಡೈ ಇದ್ದೂ ಇಲ್ಲದಂತೆ. ದೀಪಾವಳಿಗೆಂದು ಕೊಂಡ ಹಣತೆಯ ಡೈಯನ್ನು ‘ಹಬ್ಬ’ದಲ್ಲಿ ಇಡುವುದೋ ‘ದೀಪ’ದಲ್ಲೋ, ‘ಚಿಕ್ಕವು’ ಎಂಬಲ್ಲೋ? ವಸ್ತು ಒಂದೇ, ಅದಕ್ಕೆ ಜಾಗವೂ ಒಂದೇ, ಹುಡುಕುವ ದಾರಿಗಳು ಮಾತ್ರ ಹಲವು.

ಗ್ರಂಥಾಲಯಗಳನ್ನು ಕಾಡಿದ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಎಸ್. ಆರ್. ರಂಗನಾಥನ್. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಅವರು 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯ ಲೋಹದ ತುಣುಕುಗಳನ್ನು ಬಗೆಬಗೆಯಾಗಿ ಜೋಡಿಸುವುದನ್ನು ಕಂಡಾಗ ಅವರಿಗೆ ಈ ವರ್ಗೀಕರಣದ ವಿಚಾರ ಹೊಳೆಯಿತಂತೆ. ಪ್ರತಿ ವಿಷಯಕ್ಕೂ ಸಿದ್ಧ ಗೂಡೊಂದನ್ನು ಕೊಡುವ ಬದಲು ಅದರ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ, ಬೇಕಾದಂತೆ ಕೂಡಿಸುವುದು ಅವರ ಮಾರ್ಗ.

ಡೈಗಳಿಗೆ ಇದನ್ನು ಹೀಗೆ ಅನ್ವಯಿಸಬಹುದು. ಜಾಗ ನಿರ್ಧರಿಸಲು ಬದಲಾಗದ ಗುಣವನ್ನೇ ಆರಿಸಿ: ಸೆಟ್ ಮತ್ತು ಗಾತ್ರ. ಒಂದರೊಳಗೊಂದು ಕೂರುವ ವೃತ್ತಗಳ ಸೆಟ್ ಒಂದೇ ಪುಟದಲ್ಲಿದ್ದರೆ ಒಂದು ಕಾಣೆಯಾದರೂ ಖಾಲಿ ಜಾಗ ತಕ್ಷಣ ಕಣ್ಣಿಗೆ ಬೀಳುತ್ತದೆ. ಪ್ರತಿ ಪುಟಕ್ಕೂ ಒಂದು ಸಂಖ್ಯೆ ಕೊಡಿ. ಆಮೇಲೆ ಪ್ರತಿ ಡೈಯಿಂದಲೂ ಗಾಢ ಬಣ್ಣದ ಕಾಗದದಲ್ಲಿ ಒಂದು ಮಾದರಿ ಕತ್ತರಿಸಿ ನೋಟುಪುಸ್ತಕಕ್ಕೆ ಅಂಟಿಸಿ. ಅದರ ಪಕ್ಕ ಪುಟದ ಸಂಖ್ಯೆ, ವಿಷಯ, ಸಂದರ್ಭ, ಮಾಡುವ ಕೆಲಸ ಬರೆಯಿರಿ: ಹಣತೆ, ದೀಪಾವಳಿ, ಹೊರರೇಖೆ. ಫೋನಿನಲ್ಲಿ ಫೋಟೊ ತೆಗೆದು ಈ ಪದಗಳನ್ನೇ ಸೇರಿಸಿಟ್ಟರೆ ಯಾವ ಪದದಿಂದ ಹುಡುಕಿದರೂ ಅದೇ ಪುಟ ತಲುಪುತ್ತೀರಿ. ಮಾದರಿಯ ಸಾಲಿನಿಂದ ಇನ್ನೊಂದು ಉಪಕಾರವಿದೆ. ಈಗ ಕತ್ತರಿಸಿದ ಕಾಗದವನ್ನು ಹಳೆಯ ಮಾದರಿಯ ಪಕ್ಕ ಹಿಡಿದರೆ ಅಂಚು ಎಲ್ಲಿ ಸವೆಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಓದುಗರ ಸಮಯ ಉಳಿಯಬೇಕೆಂಬುದು ರಂಗನಾಥನ್ ಗ್ರಂಥಾಲಯಕ್ಕೆ ಕೊಟ್ಟ ಐದು ಸೂತ್ರಗಳಲ್ಲೊಂದು. ಕೈಕೆಲಸ ಮಾಡುವವರ ಸಮಯಕ್ಕೂ ಅಷ್ಟೇ ಬೆಲೆಯಿದೆ. ಈ ವಾರ ಬಿಡುವಾದಾಗ ಡಬ್ಬಿಯಲ್ಲಿ ಸುರಿದಿಟ್ಟ ಡೈಗಳನ್ನು ಹೊರತೆಗೆಯಿರಿ. ಅಯಸ್ಕಾಂತ ಹಿಡಿದು ಅಂಟುವವನ್ನೂ ಅಂಟದವನ್ನೂ ಬೇರೆ ಮಾಡಿ, ಒರೆಸಿ, ಬೆನ್ನು ಹಾಳೆಗೆ ತಾಗುವಂತೆ ಕೂರಿಸಿ, ಪುಟಕ್ಕೆ ಸಂಖ್ಯೆ ಬರೆಯಿರಿ. ಒಮ್ಮೆ ಪಡುವ ಈ ಶ್ರಮ ಮುಂದೆ ಪ್ರತಿ ಕಾರ್ಡಿನಲ್ಲೂ ಚೊಕ್ಕ ಅಂಚಾಗಿ, ಉಳಿದ ಹೊತ್ತಾಗಿ ನಿಮಗೆ ಮರಳುತ್ತದೆ.