ಡೈನೋಸಾರ್ ಊರಲ್ಲೊಂದು ಕಲ್ಲಿದ್ದಲ ಗಣಿ

ಕೆನಡಾದ ಕ್ಯಾಲ್ಗರಿಯಿಂದ ಡ್ರಮ್‌ಹೆಲ್ಲರ್‌ಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ದಾರಿಯುದ್ದಕ್ಕೂ ಬಯಲೋ ಬಯಲು. ಗೋಧಿ ಹೊಲ, ಜುಲೈ ತಿಂಗಳಾದರೆ ನಮ್ಮ ಸಾಸಿವೆ ಹೊಲದ ಥರ ಹಳದಿ ಹೂ ಬಿಟ್ಟ ಕನೋಲಾ. ಇನ್ನೆಷ್ಟು ದೂರ ಅಂತ ಮೊಬೈಲ್ ನೋಡೋ ಹೊತ್ತಿಗೆ ನೆಲ ದಿಢೀರನೆ ಕುಸಿದಂತೆ ಕಣಿವೆ ತೆರೆದುಕೊಳ್ಳುತ್ತೆ. ಕಂದು, ಬೂದಿ, ಕಪ್ಪು ಪಟ್ಟೆಗಳ ಬೋಳು ಗುಡ್ಡಗಳು, ಕೆಳಗೆ ರೆಡ್ ಡೀರ್ ನದಿ, ಅದರ ದಡದಲ್ಲಿ ಈ ಪುಟ್ಟ ಊರು.

ಇಲ್ಲಿ ಎಲ್ಲಿ ತಿರುಗಿದರೂ ಡೈನೋಸಾರ್. ಬೀದಿಗಳಲ್ಲಿ ಬಣ್ಣಬಣ್ಣದ ಬೊಂಬೆಗಳು. 26 ಮೀಟರ್ ಎತ್ತರದ ಟಿ-ರೆಕ್ಸ್ ಒಳಗೆ 106 ಮೆಟ್ಟಿಲು ಹತ್ತಿದರೆ ಅದರ ಬಾಯಲ್ಲೇ ನಿಂತು ಊರು ನೋಡಬಹುದು. ನಿಜವಾದ ಮೂಳೆ ನೋಡಬೇಕಾ? 1985ರಲ್ಲಿ ಶುರುವಾದ ರಾಯಲ್ ಟಿರೆಲ್ ಮ್ಯೂಸಿಯಂಗೆ ಹೋಗಿ. ಕಲ್ಲಿನಿಂದ ಮೂಳೆಯನ್ನು ಚೂರುಚೂರೇ ಬಿಡಿಸುವ ಕೆಲಸವನ್ನು ಗಾಜಿನಾಚೆಯಿಂದ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಭೂವಿಜ್ಞಾನಿ ಜೋಸೆಫ್ ಟಿರೆಲ್ 1884ರಲ್ಲಿ ಈ ಕಣಿವೆಗೆ ಬಂದಿದ್ದು ಕಲ್ಲಿದ್ದಲು ಹುಡುಕಿಕೊಂಡು. ಜೊತೆಗೆ ಸಿಕ್ಕಿದ್ದು ಮಾಂಸಾಹಾರಿ ಡೈನೋಸಾರ್‌ನ ತಲೆಬುರುಡೆ. ಅದಕ್ಕೆ ಆಮೇಲೆ ಆಲ್ಬರ್ಟೋಸಾರಸ್ ಅಂತ ಹೆಸರಿಟ್ಟರು. ಪ್ರವಾಸಿಗರು ಡೈನೋಸಾರ್ ನೋಡಿ ವಾಪಸ್ ಹೊರಡುತ್ತಾರೆ. ಆದರೆ ಈ ಊರನ್ನು ಕಟ್ಟಿದ್ದು ಕಲ್ಲಿದ್ದಲು.

ಅದಕ್ಕೇ ನಾವು ಈಸ್ಟ್ ಕೂಲಿ ಕಡೆ ಹೊರಟ್ವಿ. ದಾರಿಯಲ್ಲಿ ಹೂಡೂಗಳು ಸಿಗುತ್ತವೆ. ಗಾಳಿ, ಮಳೆ ಸೇರಿ ಕೆತ್ತಿದ ಕಲ್ಲಿನ ಕಂಬಗಳು, ತಲೆ ಮೇಲೆ ಚಪ್ಪಡಿ ಟೋಪಿ. ಅಲ್ಲಿಂದ ಮುಂದೆ ಅಟ್ಲಾಸ್ ಗಣಿ. 1979ರಲ್ಲಿ ಕೆಲಸ ನಿಂತರೂ ಕಲ್ಲಿದ್ದಲನ್ನು ವಿಂಗಡಿಸಿ ರೈಲಿಗೆ ತುಂಬುತ್ತಿದ್ದ ಭಾರೀ ಮರದ ಕಟ್ಟಡ ಇನ್ನೂ ನಿಂತಿದೆ. ಈಗ ಅದು ರಾಷ್ಟ್ರೀಯ ಸ್ಮಾರಕ.

ಜೊತೆಗೆ ಅಪ್ಪ ಇದ್ದರು. ಕೆಜಿಎಫ್‌ನಲ್ಲಿ ದುಡಿದವರು. 2001ರಲ್ಲಿ ಅಲ್ಲಿ ಗಣಿ ಮುಚ್ಚಿದ ಮೇಲೆ ಮನೆಯಲ್ಲಿ ಅದರ ಮಾತೇ ಎತ್ತುತ್ತಿರಲಿಲ್ಲ. ಇಲ್ಲಿ ದೀಪಗಳನ್ನಿಡುತ್ತಿದ್ದ ಮನೆ ನೋಡಿದ್ದೇ, "ಇವರು ಗುಡ್ಡದೊಳಗೆ ನಡ್ಕೊಂಡು ಹೋಗ್ತಿದ್ರಾ? ನಾವು ಪಂಜರದಲ್ಲಿ ನಿಂತು ಇಳೀತಿದ್ವಿ ಮಗಾ, ಮೈಯೆಲ್ಲಾ ಬೇಯೋದು" ಅಂದರು. ಗೈಡ್ ಹುಡುಗಿಗೆ ನಾನು ಅನುವಾದ ಮಾಡಿದೆ. ಅವಳು ತನ್ನ ಪಾಠ ನಿಲ್ಲಿಸಿ ಅಪ್ಪನನ್ನೇ ಕೇಳತೊಡಗಿದಳು. ಎಷ್ಟು ಗಂಟೆ ಶಿಫ್ಟು? ಭಯ ಆಗ್ತಿರಲಿಲ್ವಾ? ನಾನು ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಗಳು. ಅಪ್ಪ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು.

ಮುಚ್ಚಿದ ಗಣಿಯನ್ನು ಗುಜರಿಗೆ ಹಾಕದೆ, ಅಲ್ಲಿ ದುಡಿದವರ ದಿನಚರಿಯನ್ನೇ ನೋಡುವಂಥದ್ದಾಗಿ ಉಳಿಸಿಕೊಂಡಿದೆ ಈ ಊರು. ಕೋಲಾರದ ಸೈನೈಡ್ ದಿಬ್ಬಗಳ ಪಕ್ಕದಲ್ಲೂ ಹೇಳಬೇಕಾದ ಇಂಥ ಕಥೆಗಳಿವೆ, ಹೇಳಬಲ್ಲವರು ಇನ್ನೂ ಇದ್ದಾರೆ.

ಹೋಗುವವರಿಗೆ ಒಂದೆರಡು ಮಾತು: ಬೇಸಿಗೆಯಲ್ಲಿ ಹೋಗಿ, ಗಣಿ ಟೂರಿನ ಸಮಯ ಮೊದಲೇ ನೋಡಿಕೊಳ್ಳಿ. ನೀರು, ಟೋಪಿ ಇರಲಿ, ನೆರಳು ಕಡಿಮೆ. ಮಳೆ ಬಂದರೆ ಗುಡ್ಡ ಹತ್ತಬೇಡಿ, ಇಲ್ಲಿನ ಬೆಂಟೊನೈಟ್ ಜೇಡಿ ನೆನೆದರೆ ಸೋಪಿನಷ್ಟೇ ಜಾರುತ್ತೆ. ಮ್ಯೂಸಿಯಂಗೆ ಅರ್ಧ ದಿನ, ಗಣಿಗೆ ಅರ್ಧ ದಿನ ಇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.