ಊರಿಗೆ ಊರೇ ತೂಕ ಇಳಿಸುವುದೆಂದರೆ

ಬಳ್ಳಾರಿಯ ಮಗ್ಗುಲಲ್ಲಿರುವ ಓಬಳಾಪುರ, ಅದರಾಚೆಯ ರಾಯದುರ್ಗ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಇವೆಲ್ಲ ಕನ್ನಡ ಬಳಕೆಯಲ್ಲಿರುವ, ಬರಕ್ಕೆ ಹೆಸರಾದ ಆಂಧ್ರದ ಅನಂತಪುರ ಸೀಮೆಯ ಊರುಗಳಾದ್ದರಿಂದ, ಇಲ್ಲಿ ಅತಿತೂಕವೂ ಒಂದು ಸಾರ್ವಜನಿಕ ಸಮಸ್ಯೆ ಎಂದರೆ ಸುಲಭಕ್ಕೆ ನಂಬಿಕೆ ಬಾರದು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರಪ್ರದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ. 36.3 ಮಂದಿ ಅತಿತೂಕ ಅಥವಾ ಬೊಜ್ಜು ಉಳ್ಳವರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30.1, ಇಡೀ ದೇಶದಲ್ಲಿ ಶೇ. 24. ಅದೇ ಆಂಧ್ರದಲ್ಲಿ ಶೇ. 14.8 ಮಹಿಳೆಯರ ತೂಕ ಇರಬೇಕಾದುದಕ್ಕಿಂತ ಕಡಿಮೆ. ಒಂದೇ ಕೇರಿಯಲ್ಲಿ ಸೊರಗಿದವರೂ ಮೈಬಂದವರೂ ಇರುವಾಗ ಎಲ್ಲರಿಗೂ ಊಟ ಕಡಿಮೆ ಮಾಡಿರೆಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಈ ಬದಲಾವಣೆಯ ಬೇರುಗಳು ಊಟದಲ್ಲಿಯೂ ದುಡಿಮೆಯಲ್ಲಿಯೂ ಇವೆ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಯೋಜನೆಯನ್ನು ತಂದ ಮೇಲೆ ಅಕ್ಕಿ ಬಡವರ ಕೈಗೂ ಎಟುಕಿತು. ಮುದ್ದೆ, ರೊಟ್ಟಿಗಳ ಸೀಮೆಯಲ್ಲಿ ಅನ್ನ ದಿನನಿತ್ಯದ್ದಾಯಿತು. ಇದು ಹಸಿವನ್ನು ನೀಗಿದ ಯೋಜನೆ, ಅದನ್ನು ದೂರುವುದು ನ್ಯಾಯವಲ್ಲ. ಸಿರಿಧಾನ್ಯವನ್ನೇ ತೂಕ ಇಳಿಸುವ ಮದ್ದೆಂದು ಸಾರುವ ಈಚಿನ ಉತ್ಸಾಹವನ್ನೂ ಸ್ವಲ್ಪ ತಡೆದು ನೋಡಬೇಕು: ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಹೆಚ್ಚಿದ್ದರೂ, ತೂಕಕ್ಕೆ ತೂಕ ಹೋಲಿಸಿದರೆ ಎರಡೂ ಕೊಡುವ ಶಕ್ತಿಯಲ್ಲಿ ದೊಡ್ಡ ಅಂತರವಿಲ್ಲ. ಹೊಲ ಉಳುವವನು ಉಣ್ಣುತ್ತಿದ್ದ ಗಾತ್ರದ ಮುದ್ದೆಯನ್ನೇ, ರಾಯದುರ್ಗದ ಜೀನ್ಸ್ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವನು ಉಂಡರೆ ಅದು ಮೈಗೆ ಸೇರುತ್ತದೆ. ಎಣ್ಣೆಯ ಲೆಕ್ಕ ಇನ್ನೂ ನೇರವಾದುದು. ಒಂದು ಗ್ರಾಂ ಎಣ್ಣೆಯಿಂದ 9 ಕ್ಯಾಲೊರಿ ಸಿಕ್ಕರೆ ಪಿಷ್ಟದಿಂದ ಸಿಗುವುದು 4 ಮಾತ್ರ. ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಬೆಳಗಿನ ಉಗ್ಗಾಣಿಯ ಜೊತೆಗೆ ಮಿರ್ಚಿ ಬಜ್ಜಿ ಇದ್ದೇ ಇರಬೇಕು, ಆ ಮಂಡಕ್ಕಿ ಹಗುರವೆನಿಸಿದರೂ ಬಜ್ಜಿ ಹಗುರವಲ್ಲ.

ಇಡೀ ಸಮುದಾಯದ ತೂಕ ನಿರ್ವಹಣೆ ಎಂದು ಪ್ರತ್ಯೇಕ ಹೆಸರಿನ ಸರ್ಕಾರಿ ಯೋಜನೆ ಇಲ್ಲದಿದ್ದರೂ, ಅಸಾಂಕ್ರಾಮಿಕ ರೋಗಗಳ, ಎಂದರೆ ಒಬ್ಬರಿಂದ ಒಬ್ಬರಿಗೆ ಅಂಟದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ನಿಯಂತ್ರಣಕ್ಕಾಗಿ 2010ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಅದು ಸೇರಿಕೊಂಡಿದೆ. ಇದರಡಿ ಆಶಾ ಕಾರ್ಯಕರ್ತೆ 30 ವರ್ಷ ದಾಟಿದ ಪ್ರತಿಯೊಬ್ಬರ ಪಟ್ಟಿಯೊಂದನ್ನು ಮನೆಮನೆಯಲ್ಲಿ ತುಂಬುತ್ತಾಳೆ; ವಯಸ್ಸು, ಹೊಗೆಸೊಪ್ಪು, ಮದ್ಯ, ದೈಹಿಕ ಚಟುವಟಿಕೆ, ಮನೆತನದಲ್ಲಿರುವ ಕಾಯಿಲೆ ಇವುಗಳ ಜೊತೆಗೆ ಸೊಂಟದ ಸುತ್ತಳತೆಗೂ ಅಂಕವಿದ್ದು, ಒಟ್ಟು ನಾಲ್ಕನ್ನು ಮೀರಿದವರನ್ನು ತಪಾಸಣೆಗೆ ಮೊದಲು ಕಳುಹಿಸಬೇಕು. ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಅಂಕ ಏರತೊಡಗುತ್ತದೆ. ಟೇಪನ್ನು ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಿ, ಉಸಿರು ಬಿಟ್ಟ ಕ್ಷಣದಲ್ಲಿ ಓದಬೇಕು. ಸೀರೆಯ ನೆರಿಗೆಯ ಮೇಲೆಯೇ ಅಳೆದರೆ ಸಂಖ್ಯೆ ಕೆಡುತ್ತದೆ.

ಸೊಂಟಕ್ಕೆ ಇಷ್ಟು ಮಹತ್ವವೇಕೆಂದರೆ, ಭಾರತೀಯರಲ್ಲಿ ಮೈ ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹತೂಕ ಸೂಚ್ಯಂಕವು 30 ಮುಟ್ಟಿದರೆ ಬೊಜ್ಜು ಎಂಬುದು ಅಂತರರಾಷ್ಟ್ರೀಯ ರೂಢಿಯಾದರೆ, ಭಾರತೀಯ ತಜ್ಞರು 2009ರಲ್ಲಿ ಈ ಮಿತಿಯನ್ನು 25ಕ್ಕೆ ಇಳಿಸಿದರು. ಆ ಪ್ರಕಾರ 160 ಸೆಂಟಿಮೀಟರ್ ಎತ್ತರದವರು 64 ಕಿಲೋ ತೂಗಿದರೇ ಬೊಜ್ಜಿನ ಅಂಚಿಗೆ ಬಂದಂತೆ.

ಅಳೆದ ಮೇಲೆ ಮಾಡುವುದೇನು ಎಂಬುದೇ ಕಠಿಣ ಪ್ರಶ್ನೆ. ಕೇರಳದ ನೆಯ್ಯಾಟ್ಟಿಂಕರ ತಾಲ್ಲೂಕಿನ 60 ಮತಗಟ್ಟೆ ವ್ಯಾಪ್ತಿಗಳಲ್ಲಿ ಸಕ್ಕರೆ ಕಾಯಿಲೆಯ ಅಪಾಯವಿರುವ 1007 ಮಂದಿಯನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ತಮ್ಮ ಊರಿನವರದೇ ಮುಂದಾಳತ್ವದ ಗುಂಪುಗಳಲ್ಲಿ ಒಂದು ವರ್ಷ ಊಟ, ವ್ಯಾಯಾಮಗಳ ತಿಳಿವಳಿಕೆ ನೀಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ವರ್ಷಗಳ ನಂತರ ಸಕ್ಕರೆ ಕಾಯಿಲೆ ಬಂದವರು ಗುಂಪುಗಳಲ್ಲಿ ಶೇ. 14.9, ಉಳಿದವರಲ್ಲಿ ಶೇ. 17.1, ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ, ಆದರೂ ಹಣ್ಣು ತರಕಾರಿಯ ಬಳಕೆ ಹೆಚ್ಚಿತು, ಕುಡಿತ ತಗ್ಗಿತು. ಇದಕ್ಕೂ ಮೊದಲು, 2006ರಲ್ಲಿ, ಚೆನ್ನೈನ ಅಧ್ಯಯನವೊಂದರಲ್ಲಿ ಊಟ, ನಡಿಗೆಗಳ ಸಲಹೆ ಪಡೆದವರ ತೂಕ ಗಮನಾರ್ಹವಾಗಿ ಇಳಿಯದಿದ್ದರೂ ಸಕ್ಕರೆ ಕಾಯಿಲೆಯ ಅಪಾಯ ಶೇ. 28.5ರಷ್ಟು ತಗ್ಗಿತ್ತು. ಕಿಲೋ ಇಳಿಯಿತೇ ಎಂಬುದೊಂದನ್ನೇ ಗೆಲುವಿನ ಗುರುತಾಗಿಸಿಕೊಂಡ ಕಾರ್ಯಕ್ರಮಗಳು ಜನರನ್ನು ಬೇಗ ನಿರಾಶೆಗೊಳಿಸುವುದು ಇದಕ್ಕಾಗಿಯೇ.

ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ ಹೃದಯಾಘಾತ ತಡೆಯಲು 1972ರಲ್ಲಿ ಹೊರಟವರು ಮನೆಗಳಿಗಷ್ಟೇ ಬುದ್ಧಿ ಹೇಳಲಿಲ್ಲ, ಗೃಹಿಣಿಯರ ಸಂಘಗಳನ್ನೂ ಆಹಾರ ತಯಾರಕರನ್ನೂ ಜೊತೆಗೆ ಕರೆದುಕೊಂಡರು. ಓಬಳಾಪುರದಂಥ ಕಡೆ ಆ ಸ್ಥಾನ ಡ್ವಾಕ್ರಾ ಎಂಬ ಹೆಂಗಸರ ಸ್ವಸಹಾಯ ಸಂಘಕ್ಕೂ ಉಗ್ಗಾಣಿ ಅಂಗಡಿಗೂ ಸಲ್ಲಬೇಕು. ಉಳಿದ ತೊಡಕು ಗಡಿಯದು: ತಪಾಸಣೆಯ ದಾಖಲೆ ಆಂಧ್ರದ ಲೆಕ್ಕದಲ್ಲಿ ಏರುತ್ತದೆ, ದೊಡ್ಡಾಸ್ಪತ್ರೆಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಎರಡೂ ಕಡೆಯ ವೈದ್ಯರು ಓದಬಲ್ಲಂತೆ ಸೊಂಟದಳತೆ, ರಕ್ತದೊತ್ತಡ, ಸಕ್ಕರೆಯ ಅಂಕಿಗಳನ್ನು ಬರೆದಿಟ್ಟ ಚೀಟಿಯೊಂದು ರೋಗಿಯ ಕೈಯಲ್ಲಿದ್ದರೆ ಈ ತೊಡಕು ಅರ್ಧ ನೀಗುತ್ತದೆ, ಅದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ.