ನೆನಪಿನಿಂದ ಬಂದ ಆಹಾರದಾನ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯು ಜೈನಧರ್ಮದ ಪುರಾತನ ನೆಲೆಗಳಲ್ಲಿ ಒಂದು. ಇಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯ, ಕ್ರಿ.ಶ. 1055ರ ಶಾಸನವು ಹೇಳುತ್ತದೆ. ಇಂದ್ರಕೀರ್ತಿ ಮುನಿಗಳು ಅದಕ್ಕೆ ದತ್ತಿ ಬಿಟ್ಟ ಸಂಗತಿಯೂ ಅದರಲ್ಲಿದೆ. ಆ ಕಾಲದ ಜೈನ ದತ್ತಿಶಾಸನಗಳಲ್ಲಿ ದೇವರ ಪೂಜೆ, ಬಸದಿಯ ಜೀರ್ಣೋದ್ಧಾರಗಳ ಜೊತೆಗೆ ಮತ್ತೆ ಮತ್ತೆ ಎದುರಾಗುವ ಇನ್ನೊಂದು ಮಾತು ಋಷಿಯರ ಆಹಾರದಾನ. ಕಲ್ಲಿನ ಮೇಲೆ ಒಂದೇ ಪದವಾಗಿ ನಿಂತ ಆ ದಾನದ ಹಿಂದೆ ಯಾರೋ ನೀರು ಸೋಸಿದ್ದಾರೆ, ಹಿಟ್ಟು ಬೀಸಿದ್ದಾರೆ, ಒಲೆ ಹೊತ್ತಿಸಿದ್ದಾರೆ. ಅವರ ಹೆಸರು ಶಾಸನಕ್ಕೆ ಸೇರಲಿಲ್ಲ. ಅವರು ಕಲಿತು ಕಲಿಸಿದ ಅಡುಗೆ ಮಾತ್ರ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದಿದೆ.

ಈ ಸೀಮೆಯ ಊಟವೆಂದರೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ನೆರೆಮನೆಗಳಲ್ಲಿ ರೊಟ್ಟಿಯೊಡನೆ ಹಸಿ ಈರುಳ್ಳಿ ಇರುತ್ತದೆ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಬೀಳುತ್ತದೆ. ವ್ರತನಿಷ್ಠ ಜೈನರ ಮನೆಯಲ್ಲಿ ಅದೇ ಚಟ್ನಿ ಇಂಗು, ಜೀರಿಗೆ, ಒಣಮೆಣಸಿನಕಾಯಿಗಳ ಬಲದಿಂದ ಬೇರೆಯದೇ ರುಚಿ ಪಡೆಯುತ್ತದೆ. ಹಸಿಶುಂಠಿ ವರ್ಜ್ಯ, ಒಣಶುಂಠಿ ಸಲ್ಲುತ್ತದೆ. ಶೇಂಗಾ ಕೂಡ ನೆಲದೊಳಗೇ ಬೆಳೆಯುತ್ತದಲ್ಲ ಎಂದು ಕೊಂಕು ತೆಗೆಯುವವರುಂಟು. ಅದು ಗೆಡ್ಡೆಯಲ್ಲ, ಮಣ್ಣಿಗಿಳಿದು ಬಲಿತ ಕಾಯಿ. ಒಂದೇ ಶರೀರದಲ್ಲಿ ಅನಂತ ಜೀವಗಳನ್ನು ಹೊತ್ತ ಅನಂತಕಾಯಗಳ ಸಾಲಿಗೆ ಅದು ಸೇರುವುದಿಲ್ಲ.

ಇಂತಹ ಮನೆಯ ಹಿರಿಯಳ ಅಡುಗೆಯ ನೆನಪಿನಲ್ಲಿ ಒಂದು ಪಂಚಾಂಗವೇ ಇರುತ್ತದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಮೇಲೆ ಮತ್ತೆ ಸೋಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಚೆಲ್ಲದೆ, ನೀರು ತಂದ ಬಾವಿಗೇ ಮೆಲ್ಲನೆ ಇಳಿಸಬೇಕು. ಎರಡು ಹೋಳಾಗುವ ಬೇಳೆಗೆ ಕಾಯಿಸದ ಹಾಲುಮೊಸರಿನ ಸಂಗ ಕೂಡದು. ಅದು ದ್ವಿದಳ ದೋಷ. ಸೂರ್ಯ ಮುಳುಗುವ ಮುನ್ನ ಊಟ ಮುಗಿಯಬೇಕು. ಇವನ್ನೆಲ್ಲ ಆಕೆ ಗ್ರಂಥದಿಂದ ಕಲಿತವಳಲ್ಲ. ಹೋಳಿಗೆಯ ಹೂರಣಕ್ಕೆ ಬೆಲ್ಲ ಎಷ್ಟೆಂಬುದನ್ನು ಕಲಿತ ಹೊತ್ತಿನಲ್ಲೇ, ಕಲಿಸಿದ ಕೈಯಿಂದಲೇ ಇವನ್ನೂ ಕಲಿತಳು.

ತೊಡಕು ಹುಟ್ಟುವುದು ಮುಂದಿನ ತಲೆಮಾರಿನಲ್ಲಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೆಲೆಸಿದ ಮೊಮ್ಮಗಳು ದೂರವಾಣಿಯಲ್ಲಿ ಅಜ್ಜಿಯ ಚಟ್ನಿಯ ಅಳತೆ ಕೇಳುತ್ತಾಳೆ. ನೀರು ಸೋಸುವ ಬಟ್ಟೆಯ ಮಾತು ಬಂದೊಡನೆ ಸಂಭಾಷಣೆ ಬೇರೆಡೆಗೆ ಹೊರಳುತ್ತದೆ. ರುಚಿ ಉಳಿದು ಕಾರಣ ಮರೆತುಹೋದರೆ ನಿಯಮಗಳು ಬರಿಯ ‘ಬೇಡ’ಗಳ ಪಟ್ಟಿಯಾಗುತ್ತವೆ. ಹಿರಿಯರ ತಪ್ಪೂ ಇದರಲ್ಲಿ ಕಡಿಮೆಯೇನಲ್ಲ. ಬಾವಿಗೆ ಹಿಂತಿರುಗಬೇಕಾದ ಜೀವಿಗಳ ಕತೆಯನ್ನು ಹೇಳದೆ, ‘ನಮ್ಮಲ್ಲಿ ಹಾಗೆ ಮಾಡುವುದಿಲ್ಲ’ ಎಂದಷ್ಟೇ ಹೇಳಿ ಮುಗಿಸಿದವರು ಬಹಳ.

ಅಡುಗೆಮನೆಯ ನೆನಪು ಯಾವುದನ್ನು ಕಾಯಬೇಕೆಂಬುದಕ್ಕೆ ಆದಿತೀರ್ಥಂಕರರ ಚರಿತೆಯಲ್ಲೇ ಒಂದು ಪ್ರಸಂಗವಿದೆ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ, ಪಂಪನು ಕನ್ನಡಕ್ಕೆ ತಂದ ಆದಿಪುರಾಣದ ಕಥೆಯಿದು. ದೀಕ್ಷೆ ಪಡೆದ ವೃಷಭದೇವನು 6 ತಿಂಗಳು ಉಪವಾಸವಿದ್ದು, ಬಳಿಕ ಆಹಾರಕ್ಕಾಗಿ ಊರೂರು ನಡೆದನು. ಜನ ಆತನನ್ನು ಪ್ರೀತಿಯಿಂದಲೇ ಎದುರುಗೊಂಡರು. ಆನೆ, ಕುದುರೆ, ರತ್ನ, ವಸ್ತ್ರಗಳನ್ನು ತಂದು ಮುಂದಿಟ್ಟರು. ತುತ್ತನ್ನ ನೀಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನೀಡುವ ವಿಧಿಯೂ ತಿಳಿದಿರಲಿಲ್ಲ. ಲೋಕಕ್ಕೆ ಕೃಷಿಯನ್ನು ಕಲಿಸಿದವನು ಹೀಗೆ ಹಸಿದೇ ನಡೆದು ಹಸ್ತಿನಾಪುರಕ್ಕೆ ಬಂದನು.

ಅಲ್ಲಿ ದೊರೆ ಸೋಮಪ್ರಭನ ತಮ್ಮ ಶ್ರೇಯಾಂಸನು ಆತನನ್ನು ಕಂಡೊಡನೆ ಅವನಿಗೆ ಪೂರ್ವಜನ್ಮದ ನೆನಪು ಮರುಕಳಿಸಿತು. ಹಿಂದಿನ ಒಂದು ಭವದಲ್ಲಿ ಈ ವೃಷಭನು ವಜ್ರಜಂಘನಾಗಿದ್ದನು, ತಾನು ಅವನ ಮಡದಿ ಶ್ರೀಮತಿ. ಪಯಣದ ನಡುವೆ ಸರೋವರದ ದಡದ ಬಿಡಾರದಲ್ಲಿದ್ದಾಗ, ಕಾಡಿನಲ್ಲಿ ದೊರೆತರಷ್ಟೇ ಆಹಾರವೆಂಬ ನಿಯಮ ಹೊತ್ತ ಇಬ್ಬರು ಚಾರಣಮುನಿಗಳು ಅಲ್ಲಿಗೆ ಬಂದರು. ದಂಪತಿಗಳು ಅವರನ್ನು ಬರಮಾಡಿಕೊಂಡು ವಿಧಿಪೂರ್ವಕ ಆಹಾರ ನೀಡಿದರು. ದಮಧರ, ಸಾಗರಸೇನರೆಂಬ ಆ ಮುನಿಗಳು ತಮ್ಮದೇ ಮಕ್ಕಳೆಂಬುದು ಅವರಿಗೆ ತಿಳಿದದ್ದು ಆಹಾರವಾದ ಮೇಲೆ. ತಾಯಿಯೊಬ್ಬಳು ತನ್ನ ಮಕ್ಕಳಿಗೆ ಉಣಿಸಿದಳು, ಆದರೆ ಮಕ್ಕಳೆಂಬ ಮೋಹದಿಂದ ಉಣಿಸಲಿಲ್ಲ. ಹುಲಿ, ಹಂದಿ, ಕೋತಿ, ಮುಂಗುಸಿಗಳು ದೂರ ನಿಂತು ಆ ದಾನವನ್ನು ಕಂಡು ಹಿಗ್ಗಿದವು. ಬರಿಯ ಆ ಮೆಚ್ಚುಗೆಯಿಂದಲೇ ಅವುಗಳಿಗೂ ಪುಣ್ಯ ಸಂದಿತೆಂದು ಪುರಾಣ ಹೇಳುತ್ತದೆ.

ಶ್ರೇಯಾಂಸನಿಗೆ ನೆನಪಾದದ್ದು ಅಂದಿನ ಅಡುಗೆಯ ಸವಿಯಲ್ಲ, ನೀಡಿದ ಬಗೆ. ಆ ನೆನಪಿನಿಂದಲೇ ಅವನು ವೃಷಭದೇವನ ಬೊಗಸೆಗೆ ಕಬ್ಬಿನ ಹಾಲನ್ನು ಎರೆದನು. ವೈಶಾಖ ಶುದ್ಧ ತದಿಗೆಯ ಆ ದಿನ ಅಕ್ಷಯ ತೃತೀಯೆಯಾಯಿತು. ಚಿನ್ನದ ಅಂಗಡಿಗಳ ಜಾಹೀರಾತುಗಳ ನಡುವೆ ಆ ಹಬ್ಬದ ಹಿಂದಿನ ಹಸಿವು ಇಂದು ಎಷ್ಟು ಜನರಿಗೆ ನೆನಪಿದೆಯೋ.

ದಿಗಂಬರ ಮುನಿಗಳ ಆಹಾರಚರ್ಯೆ ಇಂದಿಗೂ ಅದೇ ಜಾಡಿನಲ್ಲಿ ನಡೆಯುತ್ತದೆ. ದಿನಕ್ಕೊಮ್ಮೆ, ನಿಂತು, ಬೊಗಸೆಯೇ ಪಾತ್ರೆಯಾಗಿ ಅವರು ಆಹಾರ ಸ್ವೀಕರಿಸುತ್ತಾರೆ. ತಮಗೆಂದೇ ಮಾಡಿದ ಅಡುಗೆ ಅವರಿಗೆ ಉದ್ದಿಷ್ಟ ದೋಷ. ಆದ್ದರಿಂದ ಗೃಹಸ್ಥನು ತಾನು ಉಣ್ಣುವ ಶುದ್ಧಾಹಾರದಲ್ಲೇ ಪಾಲು ನೀಡಬೇಕು. ಮನೆಯ ನಿತ್ಯದ ಅಡುಗೆ ಅಂಥ ಯೋಗ್ಯತೆ ಉಳಿಸಿಕೊಂಡಿರಬೇಕು. ಮನಸ್ಸು, ಮಾತು, ಕಾಯ, ಆಹಾರ ನಾಲ್ಕೂ ಶುದ್ಧವೆಂದು ಬಾಯಿಬಿಟ್ಟು ಹೇಳಿಯೇ ಗೃಹಿಣಿ ಅವರನ್ನು ಒಳಗೆ ಬಿನ್ನವಿಸುತ್ತಾಳೆ. ತಲೆಮಾರುಗಳಿಂದ ಹದಗೊಂಡ ಅಡುಗೆಯನ್ನು ಬೊಗಸೆಗೆ ಇಡುತ್ತಾಳೆ. ಮುನಿಗಳು ಚೆನ್ನಾಗಿದೆ ಎನ್ನುವುದಿಲ್ಲ, ಉಪ್ಪು ಕಡಿಮೆಯೆಂದೂ ಹೇಳುವುದಿಲ್ಲ. ಒಂದು ಕೂದಲು ಕಂಡರೆ ಅಂತರಾಯವಾಗಿ ಬೊಗಸೆ ಬಿಡಿಸಿ ಹೊರಟುಬಿಡುತ್ತಾರೆ, ಮತ್ತೆ ಮರುದಿನದವರೆಗೆ ಆಹಾರವಿಲ್ಲ. ಆ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತವಳ ಕಣ್ಣೀರನ್ನು ಕಂಡವರಿಗೆ, ಜಾಗರೂಕತೆಯೇ ಅಹಿಂಸೆ ಎಂಬ ಮಾತನ್ನು ಬೇರೆ ವಿವರಿಸಬೇಕಾಗಿಲ್ಲ.

ಹಾಗೆಂದು ಜೈನ ಪರಂಪರೆ ರುಚಿಯ ಶತ್ರುವಲ್ಲ. ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿಗಳನ್ನು ರಚಿಸಿದ ಜೈನಕವಿ ಮೂರನೆಯ ಮಂಗರಸನೇ ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೂ ಪದ್ಯದಲ್ಲಿ ಬರೆದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು ಅಲ್ಲಿ ವಿಸ್ತಾರವಾಗಿವೆ. ರಸಪರಿತ್ಯಾಗವು ಆರು ಬಾಹ್ಯತಪಗಳಲ್ಲಿ ಒಂದು: ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಯಾವುದನ್ನಾದರೂ ಬಿಡುವುದು. ರಸವನ್ನು ಬಲ್ಲವನಿಗೇ ಅದರ ತ್ಯಾಗ ತಪಸ್ಸಾಗುತ್ತದೆ. ತಾಯಿಯ ಕೈರುಚಿಯೂ ಒಂದು ರಾಗವೇ, ಸುಲಭವಾಗಿ ಸಡಿಲದ ರಾಗ.

ಹೊಸ ಅಡುಗೆಗಳಿಗೂ ಈ ನೆನಪು ದಾರಿ ತೋರಬಲ್ಲದು. ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಬೇಕೆಂದಾಗ ಎಷ್ಟೋ ಜೈನ ಗೃಹಿಣಿಯರು ಮನೆಯಲ್ಲೇ ಬೇಯಿಸುತ್ತಾರೆ. ಎಂದು ಬೀಸಿದ್ದೆಂದು ತಿಳಿಯದ ಮೈದಾ ಬಿಟ್ಟು ಆ ವಾರ ಬೀಸಿದ ಗೋಧಿಹಿಟ್ಟು. ಮೊಟ್ಟೆಯ ಬದಲು ಹಾಲು, ಬಾಳೆಹಣ್ಣು, ಚಿಟಿಕೆ ಸೋಡಾ. ರಾತ್ರಿಯಿಡೀ ಹುಳಿಯುವ ಯೀಸ್ಟ್ ಇಲ್ಲ. ತಳಕ್ಕೆ ಉಪ್ಪು ಹರಡಿದ ಕುಕ್ಕರೇ ಒಲೆಗೂಡು. ಹಿಟ್ಟನ್ನು ಎರಡು ಬಾರಿ ಜರಡಿ ಹಿಡಿಯುವುದು ಕೇಕ್ ಹಗುರಾಗಲೆಂದು ಪಾಕಪುಸ್ತಕಗಳು ಹೇಳುತ್ತವೆ. ಆಕೆ ಜರಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ನಿಂತ ಮಗುವಿಗೆ ಹುಳುವೇನಾದರೂ ಇದೆಯೇ ನೋಡು ಎನ್ನುತ್ತಾಳೆ. ಸಿಕ್ಕರೆ ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಹಿತ್ತಿಲಿಗೆ ಬಿಟ್ಟುಬರುವ ಕೆಲಸ ಮಗುವಿನದು. ಕೇಕ್ ಕತ್ತರಿಸುವುದು ಸಂಜೆ 5 ಗಂಟೆಗೆ, ಹೊರಗೆ ಇನ್ನೂ ಬಿಸಿಲಿರುವಾಗ.